ಗಡಿಯಾಚೆ ಗಾಡಿ ನಿಂತಾಗ

ಕೆಎ ನಂಬರಿನ ಬೈಕುಗಳು ಈಗ ಪೋಖರಾದ ಕೆರೆ ದಂಡೆಯಲ್ಲೂ ಮುಕ್ತಿನಾಥದ ಏರುದಾರಿಯಲ್ಲೂ ಕಾಣಸಿಗುತ್ತವೆ. ನಮ್ಮ ಗಾಡಿಯನ್ನು ನಾವೇ ಓಡಿಸಿಕೊಂಡು, ದೊಡ್ಡ ಠೇವಣಿ ಇಡದೆ, ಗಡಿಯಲ್ಲಿ ಪರ್ಮಿಟ್ ಮಾಡಿಸಿಕೊಂಡು ಹೋಗಿಬರಬಹುದಾದ ಹೊರದೇಶಗಳೆಂದರೆ ನೇಪಾಳ ಮತ್ತು ಭೂತಾನ್. ಎರಡರಲ್ಲೂ ನಮ್ಮಂತೆಯೇ ಎಡಬದಿಯ ಸಂಚಾರ. ಹಾಗಾಗಿ ಊರು ದಾಟಿದಷ್ಟೇ ಸಲೀಸಾಗಿ ದೇಶ ದಾಟಿಬಿಡುತ್ತೇವೆ. ವ್ಯತ್ಯಾಸ ಗೊತ್ತಾಗುವುದು ಗಾಡಿ ಕೆಟ್ಟ ದಿನ. ಪರಿಚಯದ ಮೆಕ್ಯಾನಿಕ್ ಇಲ್ಲ, ಕಂಪನಿಯ ರೋಡ್‌ಸೈಡ್ ಅಸಿಸ್ಟೆನ್ಸ್ ಅಲ್ಲಿಗೆ ಬರುವುದಿಲ್ಲ, ಸಿಮ್ ಕಾರ್ಡಿಗೆ ನೆಟ್‌ವರ್ಕ್ ಇಲ್ಲ.

ಹೊರದೇಶದಲ್ಲಿ ಗಾಡಿ ನಿಂತ ಕ್ಷಣದಿಂದ ಎರಡು ಗಡಿಯಾರ ಓಡತೊಡಗುತ್ತವೆ. ಒಂದು ಸೂರ್ಯನದು: ಗುಡ್ಡದ ದಾರಿಯಲ್ಲಿ ಕತ್ತಲಾಗುವುದರೊಳಗೆ ನೀವು ಸುರಕ್ಷಿತ ಜಾಗ ಸೇರಬೇಕು. ಇನ್ನೊಂದು ಪರ್ಮಿಟ್ಟಿನದು: ಗಾಡಿ ಎಷ್ಟು ದಿನ ಆ ದೇಶದಲ್ಲಿ ಇರಬಹುದು ಎಂದು ಕಾಗದದಲ್ಲಿ ಬರೆದಿರುತ್ತದೆ, ಗಾಡಿ ಕೆಟ್ಟಿದೆ ಎಂದು ಆ ಲೆಕ್ಕ ನಿಲ್ಲುವುದಿಲ್ಲ. ರಿಪೇರಿಯ ಪ್ರತಿ ನಿರ್ಧಾರವನ್ನೂ ಈ ಎರಡನ್ನು ನೋಡಿಕೊಂಡೇ ಮಾಡಬೇಕು. ನೇಪಾಳವನ್ನೇ ಮುಖ್ಯವಾಗಿಟ್ಟುಕೊಂಡು ಅದನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಹೊರಡುವ ಮುನ್ನ: ಕಾಗದ ಪತ್ರ

ಮೊದಲು ಇನ್ಶೂರೆನ್ಸ್. ಸಾಮಾನ್ಯ ಪಾಲಿಸಿ ಭಾರತದ ಗಡಿಯೊಳಗೆ ಮಾತ್ರ ಅನ್ವಯಿಸುತ್ತದೆ. ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನಗಳಿಗೆ ಅದನ್ನು ವಿಸ್ತರಿಸಲು ‘ಐಎಂಟಿ 1’ ಎಂಬ ಸೇರ್ಪಡೆ ಇದೆ. ವಿಮಾ ಕಂಪನಿಗೆ ಮುಂಚಿತವಾಗಿ ಬರೆದು, ಹೆಚ್ಚುವರಿ ಪ್ರೀಮಿಯಂ ಕಟ್ಟಿ, ಪಾಲಿಸಿಯಲ್ಲಿ ದೇಶದ ಹೆಸರು ಬಂದಿದೆಯೇ ಎಂದು ನೋಡಿಕೊಳ್ಳಿ. ಏಜೆಂಟರು ಬಾಯಿಮಾತಿನಲ್ಲಿ ‘ಆಗುತ್ತೆ ಸಾರ್’ ಅಂದರೆ ಸಾಲದು.

ಈ ಪಾಲಿಸಿ ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಎಂಬುದೂ ಗೊತ್ತಿರಲಿ. ಅಪಘಾತದ ಹಾನಿಗೆ ವಿಮೆ ಇದೆ. ಎಂಜಿನ್ ತಾನಾಗಿ ಕೈಕೊಟ್ಟರೆ, ವೈರಿಂಗ್ ಸುಟ್ಟರೆ, ಸವೆತದಿಂದ ಭಾಗ ಹೋದರೆ ಇಲ್ಲ. ಟೈರು, ಟ್ಯೂಬಿನ ಹಾನಿಗೂ ಗಾಡಿಯ ಬೇರೆ ಭಾಗಕ್ಕೆ ಅದೇ ಹೊತ್ತಿನಲ್ಲಿ ಪೆಟ್ಟಾಗಿದ್ದರೆ ಮಾತ್ರ ಪರಿಹಾರ, ಅದೂ ಅರ್ಧದಷ್ಟು. ಅಂದರೆ ರಿಪೇರಿ ಮತ್ತು ಸಾಗಾಟದ ಖರ್ಚು ನಿಮ್ಮ ಜೇಬಿನದೇ. ಅದಕ್ಕೆಂದೇ ಒಂದಷ್ಟು ಹಣವನ್ನು ಬೇರೆ ತೆಗೆದಿಟ್ಟು, ಊಟ ವಸತಿಗೆ ಅದನ್ನು ಮುಟ್ಟಬೇಡಿ.

ಆರ್‌ಸಿ, ಡಿಎಲ್, ಪಾಲಿಸಿ, ಪೊಲ್ಯೂಷನ್ ಸರ್ಟಿಫಿಕೇಟ್, ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ, ಇವುಗಳ ಮೂಲ ಪ್ರತಿಗಳ ಜೊತೆ ಎರಡೆರಡು ಜೆರಾಕ್ಸ್ ಮತ್ತು ಕೆಲವು ಪಾಸ್‌ಪೋರ್ಟ್ ಸೈಜ್ ಫೋಟೊ ಇರಲಿ. ಆರ್‌ಸಿ ಅಣ್ಣನ ಅಥವಾ ಅಪ್ಪನ ಹೆಸರಿನಲ್ಲಿದ್ದರೆ ಅವರ ಸಹಿಯ ಒಪ್ಪಿಗೆ ಪತ್ರ ಒಯ್ಯಿರಿ. ಎಲ್ಲ ಸರಿಯಿದ್ದಾಗ ಯಾರೂ ಕೇಳದ ಈ ಪತ್ರವನ್ನು ಗಾಡಿ ಪಿಕಪ್ ಮೇಲೆ ಬಂದಾಗ ಪೊಲೀಸರು ಕೇಳಬಹುದು.

ನೇಪಾಳದ ಗಡಿಯಲ್ಲಿ ಗಾಡಿಗೆ ‘ಭನ್ಸಾರ್’, ಅಂದರೆ ಕಸ್ಟಮ್ಸ್ ಪರ್ಮಿಟ್ ಮಾಡಿಸಬೇಕು. ಶುಲ್ಕ ದಿನದ ಲೆಕ್ಕದಲ್ಲಿ. ಭಾರತದ ಖಾಸಗಿ ವಾಹನಕ್ಕೆ ವರ್ಷದಲ್ಲಿ ಒಟ್ಟು 30 ದಿನಗಳ ಮಿತಿ ಇದೆ. ಹತ್ತು ದಿನದ ಪ್ರವಾಸಕ್ಕೆ ಹತ್ತೇ ದಿನದ ಭನ್ಸಾರ್ ಮಾಡಿಸಬೇಡಿ. ಮೂರ್ನಾಲ್ಕು ದಿನ ಹೆಚ್ಚಿಗೆ ಕಟ್ಟಿ. ಆ ಮೊತ್ತ ಚಿಕ್ಕದು, ಅವಧಿ ಮೀರಿದರೆ ಬೀಳುವ ದಂಡ ದೊಡ್ಡದು. ಗ್ಯಾರೇಜಿನಲ್ಲಿ ಬಿಡಿಭಾಗಕ್ಕೆ ಕಾಯಬೇಕಾಗಿ ಬಂದಾಗ ನಿಮ್ಮ ತಲೆ ತಣ್ಣಗಿಡುವುದು ಈ ಹೆಚ್ಚುವರಿ ದಿನಗಳೇ.

ಹೊರಡುವ ಮುನ್ನ: ಗಾಡಿ

ಚೈನ್ ಸ್ಪ್ರಾಕೆಟ್, ಬ್ರೇಕ್ ಪ್ಯಾಡ್, ಟೈರು, ಬ್ಯಾಟರಿ, ಈ ನಾಲ್ಕರಲ್ಲಿ ಯಾವುದರ ಆಯಸ್ಸು ಅರ್ಧ ಮುಗಿದಿದ್ದರೂ ಊರಲ್ಲೇ ಬದಲಾಯಿಸಿ. ಕೆಸರಿನ ದಾರಿಯಲ್ಲಿ ಬ್ರೇಕ್ ಪ್ಯಾಡ್ ಸವೆಯುವ ವೇಗ ಡಾಂಬರು ರಸ್ತೆಯ ಲೆಕ್ಕಕ್ಕೆ ಸಿಗುವುದಿಲ್ಲ. ಆದರೆ ಸರ್ವಿಸ್ ಮಾಡಿಸಿ ಮರುದಿನವೇ ಹೊರಡಬೇಡಿ. ಬಿಚ್ಚಿ ಜೋಡಿಸಿದ ಗಾಡಿಯನ್ನು ಇನ್ನೂರು ಮುನ್ನೂರು ಕಿ.ಮೀ. ಓಡಿಸಿ ನೋಡಿದರೆ ಸಡಿಲ ನಟ್ಟು, ಸೋರುವ ಸೀಲು ಊರಿನಲ್ಲೇ ಸಿಕ್ಕಿಬೀಳುತ್ತವೆ.

ಜೊತೆಗೆ ಒಯ್ಯಬೇಕಾದವು: ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಕ್ಲಚ್ ಮತ್ತು ಬ್ರೇಕ್ ಲಿವರ್, ಸ್ಪಾರ್ಕ್ ಪ್ಲಗ್, ಫ್ಯೂಸುಗಳು, ನಿಮ್ಮ ಚೈನಿನ ಅಳತೆಗೇ ಸರಿಹೊಂದುವ ಚೈನ್ ಲಾಕ್, ಪಂಕ್ಚರ್ ಕಿಟ್, ಗಾಳಿ ಪಂಪು, ಎಂ-ಸೀಲ್, ಇನ್ಸುಲೇಷನ್ ಟೇಪು, ಬೈಂಡಿಂಗ್ ವೈರು, ತಲೆಗೆ ಕಟ್ಟುವ ಟಾರ್ಚು. ಟ್ಯೂಬ್ ಇರುವ ಟೈರಾದರೆ ಟೈರ್ ಲಿವರ್ ಮತ್ತು ಟ್ಯೂಬು ಬೇಕು. ಎರಡು ಟ್ಯೂಬಿಗೆ ಜಾಗವಿಲ್ಲದಿದ್ದರೆ ಮುಂದಿನ ಚಕ್ರದ್ದನ್ನು ಇಟ್ಟುಕೊಳ್ಳಿ. ತುರ್ತಿಗೆ ಅದನ್ನು ಹಿಂದಿನ ಚಕ್ರಕ್ಕೆ ತುರುಕಿ ಮುಂದಿನ ಊರು ಮುಟ್ಟಬಹುದು.

ಹ್ಯಾಂಡಲ್ ಮೇಲೆ ಲಿವರ್ ಕೂರುವ ಕ್ಲ್ಯಾಂಪಿನ ಬೋಲ್ಟನ್ನು ತೀರಾ ಬಿಗಿ ಮಾಡಬೇಡಿ. ಓಡಿಸುವಾಗ ಜಾರಬಾರದು, ಕೈಯಿಂದ ಜೋರಾಗಿ ತಿರುಗಿಸಿದರೆ ತಿರುಗಬೇಕು, ಅಷ್ಟು ಸಾಕು. ಗಾಡಿ ಪಕ್ಕಕ್ಕೆ ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಿಕೊಳ್ಳುತ್ತದೆ.

ನಿಂತ ಮೊದಲ ಹತ್ತು ನಿಮಿಷ

ಗಾಡಿ ನಿಂತ ಕೂಡಲೇ ಟೂಲ್ ಕಿಟ್‌ಗೆ ಕೈಹಾಕಬೇಡಿ. ಮೊದಲು ಜಾಗ ನೋಡಿ. ಘಾಟಿಯ ತಿರುವಿನಲ್ಲಿ ನಿಂತಿದ್ದರೆ, ಎದುರಿನಿಂದ ಬರುವ ಲಾರಿಗೆ ನೀವು ಕಾಣುವಷ್ಟು ನೇರವಾದ ಜಾಗಕ್ಕೆ ಗಾಡಿಯನ್ನು ತಳ್ಳಿಕೊಂಡು ಹೋಗಿ. ತಳ್ಳಲು ಆಗದಿದ್ದರೆ ನಮ್ಮ ಚಾರ್ಮಾಡಿ, ಶಿರಾಡಿಗಳಲ್ಲಿ ಲಾರಿಯವರು ಮಾಡುವಂತೆ ಹಸಿರು ಸೊಪ್ಪಿನ ರೆಂಬೆಗಳನ್ನು ಎರಡೂ ಬದಿಯಲ್ಲಿ, ತಿರುವಿಗೂ ಮುಂಚೆ ಕಾಣುವಂತೆ ಇಡಿ. ಅಲ್ಲಿನ ಚಾಲಕರಿಗೂ ಆ ಗುರುತು ಅರ್ಥವಾಗುತ್ತದೆ. ಕಲ್ಲು ಇಟ್ಟಿದ್ದರೆ ಹೊರಡುವಾಗ ಮರೆಯದೆ ತೆಗೆಯಿರಿ. ಕತ್ತಲಲ್ಲಿ ಆ ಕಲ್ಲು ಇನ್ನೊಬ್ಬ ಸವಾರನನ್ನು ಕೆಡವುತ್ತದೆ.

ಮಳೆಗಾಲವಾದರೆ ತಲೆ ಎತ್ತಿ ಗುಡ್ಡವನ್ನೂ ನೋಡಿ. ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯ ಸಿಮಲ್‌ತಾಲ್‌ನಲ್ಲಿ 2024ರ ಜುಲೈ 12ರಂದು ಗುಡ್ಡ ಕುಸಿದು ಪ್ರಯಾಣಿಕರಿದ್ದ ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಕೊಚ್ಚಿಹೋದವು. ಪೋಖರಾಕ್ಕೂ ಕಠ್ಮಂಡುವಿಗೂ ನಮ್ಮವರು ಹೆಚ್ಚಾಗಿ ಹಿಡಿಯುವ ದಾರಿಗಳಲ್ಲಿ ಅದೂ ಒಂದು. ಹೊಸ ಮಣ್ಣು ಉದುರಿದ ಗುರುತಿದ್ದರೆ, ಸಣ್ಣ ಕಲ್ಲುಗಳು ಜಾರುತ್ತಿದ್ದರೆ, ಅಲ್ಲಿ ರಿಪೇರಿ ಬೇಡವೇ ಬೇಡ. ಗಾಡಿಯನ್ನು ಅಲ್ಲೇ ಬಿಟ್ಟಾದರೂ ನೀವು ದೂರ ಸರಿಯಿರಿ.

ಆಮೇಲೆ ಗಂಟೆ ನೋಡಿ. ಮಧ್ಯಾಹ್ನ ಮೂರು ದಾಟಿದ್ದು, ಕಾರಣ ಅರ್ಧ ಗಂಟೆಯೊಳಗೆ ಸಿಗದಿದ್ದರೆ, ರಿಪೇರಿ ಬಿಟ್ಟು ಪಿಕಪ್ ಹುಡುಕಿ. ಬೆಟ್ಟದಲ್ಲಿ ಸಂಜೆಯಾದರೆ ಓಡಾಡುವ ವಾಹನಗಳೇ ಕಡಿಮೆ. ಜೊಮ್ಸೊಮ್ ಕಡೆಯ ಕಾಳಿ ಗಂಡಕಿ ಕಣಿವೆಯಲ್ಲಂತೂ ಮಧ್ಯಾಹ್ನದ ಮೇಲೆ ಮರಳು ಎರಚುವ ಗಾಳಿ ಏಳುತ್ತದೆ. ಆ ಗಾಳಿಯಲ್ಲಿ ಏರ್ ಫಿಲ್ಟರ್ ಬಿಚ್ಚಿದರೆ ಇದ್ದ ತೊಂದರೆಗೆ ಇನ್ನೊಂದು ಸೇರುತ್ತದೆ.

ಕಾರಣ ಹುಡುಕುವ ಕ್ರಮ

ದಣಿದಿದ್ದಾಗ, ಹೆದರಿದ್ದಾಗ ಸುಲಭದ ಕಾರಣಗಳೇ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಹ್ಯಾಂಡಲ್ ಮೇಲಿನ ಎಂಜಿನ್ ಕಿಲ್ ಸ್ವಿಚ್. ಆಮೇಲೆ ಸೈಡ್ ಸ್ಟ್ಯಾಂಡ್. ಅದರ ಸೆನ್ಸರಿಗೆ ಕೆಸರು ಮೆತ್ತಿದರೂ ಗಾಡಿ ಸ್ಟಾರ್ಟ್ ಆಗದು. ಪೆಟ್ರೋಲ್ ಎಷ್ಟಿದೆ? ಮೀಟರ್ ನಂಬದೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. ಆಮೇಲೆ ಬ್ಯಾಟರಿಯ ತಂತಿಗಳು. ಕಲ್ಲು ದಾರಿಯ ಅದುರಾಟಕ್ಕೆ ಟರ್ಮಿನಲ್ ಸ್ಕ್ರೂ ಸಡಿಲವಾಗುವುದು ತೀರಾ ಸಾಮಾನ್ಯ. ನಂತರ ಫ್ಯೂಸು, ಕೊನೆಗೆ ಸ್ಪಾರ್ಕ್ ಪ್ಲಗ್.

ಎತ್ತರದಲ್ಲಿ ಎಂಜಿನ್ ಬಸವಳಿದರೆ ಅದನ್ನು ಕೆಡುಕೆಂದು ತಿಳಿಯಬೇಡಿ. ಮುಕ್ತಿನಾಥ ಸುಮಾರು 3,800 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದಕ್ಕಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚಾಗಿಯೇ ತಗ್ಗಿರುತ್ತದೆ. ಉಸಿರಾಡಲು ಗಾಳಿ ಸಾಲದ ಎಂಜಿನ್ ಅಷ್ಟೇ ಶಕ್ತಿ ಕಳೆದುಕೊಳ್ಳುತ್ತದೆ. ಕಾರ್ಬ್ಯುರೇಟರ್ ಗಾಡಿಯಾದರೆ ಕಪ್ಪು ಹೊಗೆಯೂ ಬರಬಹುದು. ಕೆಳಗಿನ ಗೇರಿನಲ್ಲಿ ನಿಧಾನ ಏರಿಸಿ; ಕೆಳಗಿಳಿದ ಮೇಲೆ ತಾನಾಗಿ ಸರಿಹೋಗುತ್ತದೆ. ಎತ್ತರದಲ್ಲಿ ಅವಸರಪಟ್ಟು ಟ್ಯೂನಿಂಗ್ ಮಾಡಿಸಿದರೆ ಇಳಿದ ಮೇಲೆ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ.

ಹೆಚ್ಚಾಗಿ ಕೈಕೊಡುವ ಐದು

ಕ್ಲಚ್ ಕೇಬಲ್: ಊರು ಬಿಡುವ ಮುನ್ನವೇ ಹೊಸ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು, ಅಲ್ಲಲ್ಲಿ ಝಿಪ್ ಟೈ ಹಾಕಿ, ಎರಡೂ ತುದಿಗೆ ನೀರು ಹೋಗದಂತೆ ಟೇಪು ಸುತ್ತಿಡಿ. ಹಳೆಯದು ತುಂಡಾದರೆ ಟ್ಯಾಂಕ್ ಬಿಚ್ಚುವ ಕೆಲಸವಿಲ್ಲ. ಟೇಪು ಕಿತ್ತು, ಒಂದು ತುದಿಯ ಗುಂಡನ್ನು ಎಂಜಿನ್ ಕಡೆಯ ಕೊಕ್ಕೆಗೂ ಇನ್ನೊಂದನ್ನು ಲಿವರಿಗೂ ಕೂರಿಸಿ, ಲಿವರ್ ಬುಡದಲ್ಲಿ 2–3 ಮಿ.ಮೀ. ಸಡಿಲ ಇರುವಂತೆ ಅಡ್ಜಸ್ಟರ್ ತಿರುಗಿಸಿದರೆ ಮುಗಿಯಿತು. ಸಡಿಲ ಇಲ್ಲದೆ ಬಿಗಿ ಮಾಡಿದರೆ ಏರಿನಲ್ಲಿ ಕ್ಲಚ್ ಪ್ಲೇಟು ಜಾರಿ ಸುಟ್ಟ ವಾಸನೆ ಬರುತ್ತದೆ. ಆ ವಾಸನೆ ಬಂದರೆ ನಿಲ್ಲಿಸಿ, ಆರಲು ಬಿಡಿ, ಸಡಿಲ ಸರಿಪಡಿಸಿ.

ನೀರು: ಹೊಳೆ ದಾಟುವಾಗ ಎಂಜಿನ್ ನೀರಿನಲ್ಲಿ ನಿಂತರೆ ಸೆಲ್ಫ್ ಒತ್ತಲೇಬೇಡಿ. ಗಾಳಿಯನ್ನು ಅದುಮಬಹುದು, ನೀರನ್ನು ಆಗದು. ಸಿಲಿಂಡರಿನೊಳಗೆ ನೀರಿದ್ದು ಪಿಸ್ಟನ್ ಅದಕ್ಕೆ ಗುದ್ದಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಲ್ಲಿಗೆ ಪ್ರವಾಸ ಮುಗಿಯಿತು. ಗಾಡಿಯನ್ನು ದಡಕ್ಕೆ ತಳ್ಳಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಮೇಲೆ ಸೆಲ್ಫ್ ತಿರುಗಿಸಿ. ಪ್ಲಗ್ಗಿನ ತೂತಿನಿಂದ ನೀರು ಚಿಮ್ಮುತ್ತದೆ. ಚಿಮ್ಮುವುದು ನಿಂತ ಮೇಲೆ ಏರ್ ಫಿಲ್ಟರ್ ಡಬ್ಬಿಯ ನೀರು ಹರಿಸಿ, ಆಯಿಲ್ ಕಿಂಡಿ ನೋಡಿ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಹೊಸ ಆಯಿಲ್ ಹಾಕುವವರೆಗೆ ಎಂಜಿನ್ ಓಡಿಸಬಾರದು.

ಪಂಕ್ಚರ್: ಟ್ಯೂಬ್‌ಲೆಸ್ ಟೈರಿಗೆ ಪ್ಲಗ್ ತುರುಕುವುದು ಹತ್ತು ನಿಮಿಷದ ಕೆಲಸ. ಟ್ಯೂಬ್ ಟೈರಾದರೆ ಹೊಸ ಟ್ಯೂಬು ಹಾಕುವ ಮುನ್ನ ಟೈರಿನ ಒಳಮೈಯನ್ನು ಬೆರಳಿನಿಂದ ನಿಧಾನವಾಗಿ ಸವರಿ ಮೊಳೆ, ಮುಳ್ಳು ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಚೈನ್: ಲಾಕ್ ಹಾಕುವಾಗ ಅದರ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಚಲಿಸುವ ದಿಕ್ಕಿಗಿರಲಿ. ತಿರುಗಾಮುರುಗಾ ಹಾಕಿದರೆ ಕಲ್ಲು ತಾಗಿ ಕ್ಲಿಪ್ ಹಾರಿಹೋಗುತ್ತದೆ.

ಬಿರುಕು: ಎಂಜಿನ್ ತಳ ಬಂಡೆಗೆ ಬಡಿದು ಆಯಿಲ್ ಜಿನುಗಿದರೆ ಆ ಜಾಗವನ್ನು ಪೆಟ್ರೋಲಿನಲ್ಲಿ ಒರೆಸಿ ಪೂರ್ತಿ ಒಣಗಿಸಿ ಎಂ-ಸೀಲ್ ಮೆತ್ತಿ. ಗಟ್ಟಿಯಾಗುವವರೆಗೆ ಕಾಯಿರಿ, ಜಿಡ್ಡಿನ ಮೇಲೆ ಅದು ಕೂರುವುದಿಲ್ಲ. ಆಯಿಲ್ ಮಟ್ಟ ಸರಿಮಾಡಿ, ನಿಧಾನವಾಗಿ ಹತ್ತಿರದ ಗ್ಯಾರೇಜು ಸೇರಿ.

ಪಿಕಪ್ ಮೇಲೆ ಗಾಡಿ

ಇನ್ನೊಂದು ಬೈಕಿಗೆ ಹಗ್ಗ ಕಟ್ಟಿ ಎಳೆಸುವ ಯೋಚನೆ ಗುಡ್ಡದ ದಾರಿಯಲ್ಲಿ ಬೇಡ. ನೇಪಾಳದಲ್ಲಿ ಬೊಲೆರೊ ಪಿಕಪ್ ಹಳ್ಳಿಹಳ್ಳಿಯಲ್ಲಿದೆ. ಚಹಾ ಅಂಗಡಿಯಲ್ಲಿ ಕೇಳಿದರೆ ಯಾರಾದರೊಬ್ಬರು ಫೋನು ಹಚ್ಚುತ್ತಾರೆ. ತರಾಯಿ ಬಯಲಿನಲ್ಲೂ ಪೇಟೆಗಳಲ್ಲೂ ಹಿಂದಿ ಸಾಕು. ಮೇಲಿನ ಹಳ್ಳಿಗಳಲ್ಲಿ ಹಿರಿಯರನ್ನು ‘ದಾಯ್’ ಎಂದೂ ಹೆಂಗಸರನ್ನು ‘ದೀದಿ’ ಎಂದೂ ಕರೆದು ‘ಬೈಕ್ ಬಿಗ್ರಿಯೋ, ವರ್ಕ್‌ಶಾಪ್ ಕಹಾಂ ಛ?’ ಎಂದು ಕೇಳಿ. ಬಾಡಿಗೆಗೆ ‘ಕತಿ ಪರ್ಛ?’

ಬಾಡಿಗೆ ಮಾತಾಡುವಾಗಲೇ ‘ಐಸಿ’ಯೋ ‘ಎನ್‌ಸಿ’ಯೋ ಎಂದು ಕೇಳಿಬಿಡಿ. ಐಸಿ ಅಂದರೆ ಭಾರತದ ರೂಪಾಯಿ, ಎನ್‌ಸಿ ಅಂದರೆ ನೇಪಾಳದ್ದು. 1993ರಿಂದ ನಮ್ಮ 100 ರೂಪಾಯಿಗೆ ಅಲ್ಲಿನ 160 ರೂಪಾಯಿ ಎಂಬ ದರ ನಿಂತಿದೆ. ಇದನ್ನು ಮೊದಲೇ ಬಿಡಿಸಿಕೊಳ್ಳದಿದ್ದರೆ ಗಾಡಿ ಇಳಿಸುವಾಗ ಜಗಳ. ಹತ್ತಿಸಿ ಇಳಿಸುವ ಕೂಲಿ ಬಾಡಿಗೆಯಲ್ಲೇ ಸೇರಿದೆಯೇ, ಯಾವ ಊರಿನ ಯಾವ ಗ್ಯಾರೇಜಿನ ಬಾಗಿಲಿಗೆ, ಇವೂ ಆಗಲೇ ತೀರ್ಮಾನವಾಗಲಿ. 2024ರಿಂದ ನೇಪಾಳದ ಅಂಗಡಿಗಳ ‘ಫೋನ್‌ಪೇ’ (Fonepay) ಕ್ಯೂಆರ್ ಜಾಲದಲ್ಲಿ ನಮ್ಮ ಯುಪಿಐ ನಡೆಯುತ್ತದೆ. ಆದರೆ ಬೆಟ್ಟದ ಮೇಲೆ ನಗದು, ಅದರಲ್ಲೂ 100ರ ನೋಟು ಕೈಯಲ್ಲಿರಬೇಕು.

ಗಾಡಿ ಹತ್ತಿಸಲು ರಸ್ತೆ ಬದಿಯ ದಿಣ್ಣೆಗೆ ಪಿಕಪ್ಪಿನ ಹಿಂಬದಿ ತಾಗಿಸಿ ನಿಲ್ಲಿಸಿದರೆ ಎತ್ತುವ ಕಷ್ಟವಿಲ್ಲ. ಮೊದಲನೇ ಗೇರಿಗೆ ಹಾಕಿ, ಮುಂದಿನ ಚಕ್ರವನ್ನು ಕ್ಯಾಬಿನ್ನಿಗೆ ಒತ್ತಿಸಿ, ನಾಲ್ಕು ಕಡೆ ಬಿಗಿಯಿರಿ. ಮುಂದಿನ ಶಾಕ್‌ಅಬ್ಸಾರ್ಬರ್ ಅರ್ಧದಷ್ಟು ಕುಗ್ಗುವಂತೆ ಕೆಳಕ್ಕೆ ಎಳೆದು ಕಟ್ಟಿದರೆ ಹಗ್ಗ ಸಡಿಲವಾಗದು. ಐದು ಕಿ.ಮೀ. ಹೋದ ಮೇಲೆ ಒಮ್ಮೆ ನಿಲ್ಲಿಸಿ ಹಗ್ಗ ಮುಟ್ಟಿ ನೋಡಿ.

ಗ್ಯಾರೇಜಿನಲ್ಲಿ

ಬಜಾಜ್, ಹೀರೊ, ಹೋಂಡಾ, ಯಮಹಾ, ಟಿವಿಎಸ್, ರಾಯಲ್ ಎನ್‌ಫೀಲ್ಡ್ ಎಲ್ಲವೂ ನೇಪಾಳದಲ್ಲಿ ಮಾರಾಟವಾಗುತ್ತವೆ. ಪೋಖರಾ, ಬುಟ್ವಲ್, ಕಠ್ಮಂಡುವಿನ ಮೆಕ್ಯಾನಿಕ್‌ಗಳಿಗೆ ಇವುಗಳ ಎಂಜಿನ್ ಹೊಸದಲ್ಲ. ಏನಾಯಿತೆಂದು ಹೇಳುವ ಬದಲು ಕಂಡಿದ್ದನ್ನು ಹೇಳಿ: ಯಾವ ಸದ್ದು, ಯಾವ ವೇಗದಲ್ಲಿ, ಬಿಸಿಯಾದ ಮೇಲೋ ಮುಂಚೆಯೋ. ಸದ್ದಿನ ವಿಡಿಯೊ ತೋರಿಸಿದರೆ ಭಾಷೆಯ ತೊಡಕೂ ಇಲ್ಲ. ಬಿಚ್ಚುವ ಮುನ್ನ ಫೋಟೊ ತೆಗೆಯಿರಿ, ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ದಿನಾಂಕ ಮತ್ತು ಸೀಲು ಇರುವ ಬಿಲ್ ಮಾಡಿಸಿ. ವಾರಂಟಿ ಕೇಳಲು, ವಿಮೆಗೆ, ಕಸ್ಟಮ್ಸಿಗೆ ಈ ಮೂರೂ ಬೇಕಾಗುತ್ತವೆ. ಅಪಘಾತವಾಗಿದ್ದರೆ ಮಾತ್ರ ಕ್ರಮ ಬೇರೆ: ಮೊದಲು ಪೊಲೀಸ್ ವರದಿ, ವಿಮಾ ಕಂಪನಿಗೆ ಸುದ್ದಿ, ಅವರು ಒಪ್ಪಿದ ಮೇಲೆಯೇ ರಿಪೇರಿ.

ಭಾಗ ಸಿಗದಿದ್ದರೆ ಕಠ್ಮಂಡುವಿನಿಂದ ರಾತ್ರಿ ಬಸ್ಸಿನಲ್ಲಿ ತರಿಸಬಹುದು. ಅಲ್ಲೂ ಇಲ್ಲದಿದ್ದರೆ ಗಡಿಯ ಈಚೆಗಿನ ಗೋರಖ್‌ಪುರ, ಸಿಲಿಗುರಿಯಂಥ ಪೇಟೆಗಳಲ್ಲಿ ಕೊಂಡು ಬಿಲ್ ಸಮೇತ ತರಬೇಕು. ಭಾಗದ ನಂಬರನ್ನು ನಿಮ್ಮ ಊರಿನ ಶೋರೂಮಿನವರಿಂದ ವಾಟ್ಸಾಪಿನಲ್ಲಿ ತರಿಸಿಕೊಂಡರೆ ತಪ್ಪು ಭಾಗ ಬಂದು ಎರಡು ದಿನ ಹಾಳಾಗುವುದಿಲ್ಲ. ನೇಪಾಳದಲ್ಲಿ ವಾರದ ರಜೆ ಶನಿವಾರ. ದಶೈಂ ಮತ್ತು ತಿಹಾರ್, ಅಂದರೆ ನಮ್ಮ ದಸರಾ ದೀಪಾವಳಿಯ ಹೊತ್ತಿಗೆ, ಅಂಗಡಿಗಳು ದಿನಗಟ್ಟಲೆ ಮುಚ್ಚಿರುತ್ತವೆ. ನಮ್ಮವರ ರಜೆಯೂ ಆಗಲೇ ಆದ್ದರಿಂದ ಆ ದಿನಗಳಲ್ಲಿ ಹೊರಡುವವರು ಬಿಡಿಭಾಗ ಇನ್ನಷ್ಟು ಹೆಚ್ಚಿಗೆ ಒಯ್ಯಬೇಕು.

ಪರ್ಮಿಟ್ ಮುಗಿಯುತ್ತ ಬಂದರೆ

ಅವಧಿ ಮುಗಿಯಲು ಒಂದೆರಡು ದಿನ ಇರುವಾಗಲೇ ಹತ್ತಿರದ ಕಸ್ಟಮ್ಸ್ ಕಚೇರಿಗೆ ಭನ್ಸಾರ್ ಕಾಗದ, ಗ್ಯಾರೇಜಿನ ಬಿಲ್ಲು ಅಥವಾ ಪತ್ರ, ಬಿಚ್ಚಿಟ್ಟ ಗಾಡಿಯ ಫೋಟೊ ಹಿಡಿದು ಹೋಗಿ ವಿಸ್ತರಣೆ ಕೇಳಿ. ಮುಗಿದ ಮೇಲೆ ಹೋದರೆ ನೀವು ದಂಡ ಕಟ್ಟುವವರು, ಮುಂಚೆ ಹೋದರೆ ಸಹಾಯ ಕೇಳುವವರು. ರಿಪೇರಿ ಆಗುವುದೇ ಇಲ್ಲ ಎಂದಾದರೆ ಗಾಡಿಯನ್ನು ಅಲ್ಲೇ ಬಿಟ್ಟು ಬಸ್ ಹತ್ತುವುದು, ಅಗ್ಗಕ್ಕೆ ಮಾರುವುದು ಎರಡೂ ಕೂಡದು. ಕಾಗದದಲ್ಲಿ ಅದು ನಿಮ್ಮ ಹೆಸರಿನಲ್ಲಿ ಒಳಬಂದ ಗಾಡಿ. ಹೊರಹೋದ ದಾಖಲೆ ಆಗುವವರೆಗೆ ಹೊಣೆ ನಿಮ್ಮದೇ. ಪಿಕಪ್ ಮೇಲಾದರೂ ಸುನೌಲಿಯೋ ರಕ್ಸೌಲೋ ಗಡಿ ದಾಟಿಸಿ, ಈಚೆ ಬಂದ ಮೇಲೆ ಮುಂದಿನದನ್ನು ನೋಡಿಕೊಳ್ಳಿ. ಈಚೆ ನಿಮ್ಮ ರೋಡ್‌ಸೈಡ್ ಅಸಿಸ್ಟೆನ್ಸ್ ಮತ್ತೆ ಕೆಲಸ ಮಾಡುತ್ತದೆ, ಬೆಂಗಳೂರಿಗೆ ಗಾಡಿ ಕಳಿಸಲು ರೈಲ್ವೆ ಪಾರ್ಸೆಲ್ ಇದೆ.

ಭೂತಾನ್‌ನಲ್ಲಿ ಲೆಕ್ಕ ಇನ್ನೂ ಬಿಗಿ. ಭಾರತೀಯರಿಗೆ ರಾತ್ರಿಯೊಂದಕ್ಕೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಇರುವುದರಿಂದ ಬಿಡಿಭಾಗಕ್ಕೆ ಕಾಯುವ ಪ್ರತಿ ರಾತ್ರಿಗೂ ಖರ್ಚು ಬೀಳುತ್ತದೆ. ಫುಂಟ್‌ಶೋಲಿಂಗ್, ಥಿಂಪು ಬಿಟ್ಟರೆ ಗ್ಯಾರೇಜುಗಳು ವಿರಳ. ಹಾಗಾಗಿ ಸಂದೇಹ ಬಂದ ಭಾಗವನ್ನು ‘ನೋಡೋಣ’ ಎಂದು ಮುಂದೂಡದೆ ಗಡಿಯ ಜೈಗಾಂವ್‌ನಲ್ಲೇ ಬದಲಾಯಿಸಿಕೊಂಡು ಒಳಹೋಗುವುದು ಜಾಣತನ.

ಇವೆರಡನ್ನೂ ದಾಟಿ ಇರಾನ್‌ನಂಥ ದೇಶಗಳಿಗೆ ಹೊರಟವರು ‘ಕಾರ್ನೆ’ ಎಂಬ ದಾಖಲೆ ಪುಸ್ತಕ ಒಯ್ಯಬೇಕು. ಮುಂಬೈನ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಇದನ್ನು ಭದ್ರತೆ ಪಡೆದು ಕೊಡುತ್ತದೆ. ಅವಧಿ ಒಂದು ವರ್ಷ. ಪ್ರತಿ ದೇಶದಿಂದ ಗಾಡಿ ಹೊರಬಿದ್ದ ಮೊಹರು ಅದರಲ್ಲಿ ಬೀಳದಿದ್ದರೆ ಆ ದೇಶದ ಆಮದು ಸುಂಕ ನಿಮ್ಮ ತಲೆಗೆ. ಕೆಟ್ಟ ಗಾಡಿಯನ್ನೂ ಮೊಹರು ಒತ್ತಿಸಿಯೇ ಹೊರತರಬೇಕು.

ಯಾರಿಗೆ ಫೋನು

ನೇಪಾಳದಲ್ಲಿ ಪೊಲೀಸ್ 100, ಆ್ಯಂಬುಲೆನ್ಸ್ 102, ಟ್ರಾಫಿಕ್ ಪೊಲೀಸ್ 103, ಪ್ರವಾಸಿ ಪೊಲೀಸ್ 1144. ಭೂತಾನ್‌ನಲ್ಲಿ ಆ್ಯಂಬುಲೆನ್ಸ್ 112, ಪೊಲೀಸ್ 113. ಗಡಿ ದಾಟಿದ ಕೂಡಲೇ ಅಲ್ಲಿನ ಸಿಮ್ ಕೊಳ್ಳಿ. ನೇಪಾಳದ ದೂರದ ಬೆಟ್ಟಗಳಿಗೆ ಹೋಗುವವರಿಗೆ ನೇಪಾಳ್ ಟೆಲಿಕಾಂ ಸಿಮ್ ಒಳ್ಳೆಯದು. ಕಠ್ಮಂಡುವಿನಲ್ಲಿ ನಮ್ಮ ರಾಯಭಾರ ಕಚೇರಿ, ಬೀರ್‌ಗಂಜ್ ಮತ್ತು ಫುಂಟ್‌ಶೋಲಿಂಗ್‌ನಲ್ಲಿ ಕಾನ್ಸುಲೇಟ್ ಕಚೇರಿಗಳಿವೆ. ಕಾಗದ ಕಳೆದರೆ, ಅಪಘಾತವಾದರೆ, ಯಾರಾದರೂ ತಡೆದಿಟ್ಟರೆ ಅಲ್ಲಿಗೆ ಹೋಗಬೇಕು.

ಇಷ್ಟನ್ನೂ ಓದಿ ಬದಿಗಿಟ್ಟರೆ ದಾರಿಯಲ್ಲಿ ನೆನಪಾಗುವುದಿಲ್ಲ. ಹೊರಡುವ ಹಿಂದಿನ ವಾರ ಒಂದು ಬೆಳಗ್ಗೆ ಬಿಡುವು ಮಾಡಿಕೊಳ್ಳಿ. ಒಯ್ಯಬೇಕೆಂದಿರುವ ಸ್ಪ್ಯಾನರುಗಳನ್ನಷ್ಟೇ ಬಳಸಿ ಮನೆ ಮುಂದೆ ಹಿಂದಿನ ಚಕ್ರ ಬಿಚ್ಚಿ, ಟ್ಯೂಬು ತೆಗೆದು ಹಾಕಿ, ಕ್ಲಚ್ ಕೇಬಲ್ ಬದಲಾಯಿಸಿ, ಸ್ಪಾರ್ಕ್ ಪ್ಲಗ್ ಕಳಚಿ ಕೂರಿಸಿ. ಯಾವ ಸ್ಪ್ಯಾನರ್ ಕಡಿಮೆ ಬಿತ್ತು, ಯಾವ ಬೋಲ್ಟು ತುಕ್ಕು ಹಿಡಿದು ಕೂತಿದೆ, ಯಾವ ಕೆಲಸಕ್ಕೆ ಇನ್ನೊಬ್ಬರ ಕೈ ಬೇಕು ಎಂಬುದೆಲ್ಲ ಅಂದೇ ಗೊತ್ತಾಗುತ್ತದೆ. ಅವತ್ತು ಕಡಿಮೆ ಬಿದ್ದಿದ್ದನ್ನು ಮರುದಿನ ಪೇಟೆಯಲ್ಲಿ ಕೊಂಡು ಕಿಟ್‌ಗೆ ಸೇರಿಸಿದ ಮೇಲೆ ಹೊರಡಿ.